ಪೇಷೆಂಟ್ ಯಾರು

ನಿಮ್ಹಾನ್ಸಿನ ಕೌಂಟರಿನ ಸಣ್ಣ ಕಿಂಡಿಯಲ್ಲಿ
ತಲೆಯೆತ್ತದೆ ಕೇಳಿದ: ಪೇಷೆಂಟ್ ಯಾರು?
ಆಮೇಲೆ ತಲೆಯೆತ್ತಿದ.
ಉತ್ತರಕ್ಕೆ ಕಾಯಲಿಲ್ಲ.
ಅವಳ ಕಡೆ ಪೆನ್ನು ತಿರುಗಿಸಿ, ಹೆಸರು ಹೇಳಮ್ಮಾ, ಅಂದ.

ತಪ್ಪೇನಿಲ್ಲ ಅವನದು.
ನಾನು ಅರಿಶಿನ ಬಣ್ಣದ ಸೀರೆ, ಒಂದು ಮೊಳ ಕನಕಾಂಬರ,
ಎರಡೂ ಕೈಗೆ ಡಜನ್ನು ಡಜನ್ನು ಹಸಿರು ಗಾಜು.
ಪಕ್ಕದಲ್ಲಿ ಅಕ್ಕನ ಮಗಳು ಸಿಂಚನ:
ಏಪ್ರಿಲ್ಲಿನ ಬಿಸಿಲಲ್ಲಿ ಮೊಣಕಾಲುದ್ದ ಕರೀ ಬೂಟು,
ತುಟಿಗೊಂದು ಉಂಗುರ, ನೇರಳೆಹಣ್ಣು ತಿಂದಂಥ ಬಣ್ಣ,
ಕಣ್ಣಿಗೆ ಹಚ್ಚಿದ್ದು ಕಾಡಿಗೆಯೋ ಕಾಡೋ ಅನ್ನುವಷ್ಟು.

ಹನುಮಂತನಗರದ ನಮ್ಮ ಬೀದಿಯಲ್ಲಿ
ಎರಡು ವರ್ಷದಿಂದ ಅವಳಿಗೊಂದು ರೋಗ ಗೊತ್ತುಮಾಡಿಟ್ಟಿದ್ದಾರೆ.
ಹಾಲಿನ ಬೂತಿನವನು ದನಿ ತಗ್ಗಿಸಿ ಕೇಳುತ್ತಾನೆ, ಮಗು ಹುಷಾರಾ.
ಮಹಡಿ ಮನೆಯ ವನಜಮ್ಮ ತಾಯತ ತಂದುಕೊಟ್ಟರು,
ಅದೂ ಕರೀ ದಾರದ್ದೇ.
ಅಕ್ಕ ಕೊರಳ ಕರಿಮಣಿ ಕಣ್ಣಿಗೊತ್ತಿಕೊಂಡು
ಆ ಕಪ್ಪೊಂದು ಬಿಡಿಸಪ್ಪಾ ಎಂದು ಗವಿಗಂಗಾಧರನಿಗೆ ಹರಕೆ ಹೊತ್ತಳು.

ಕೊನೆಗೆ ನನಗೇ ಹೇಳಿದಳು:
ಬಳೆ ತೊಡಿಸುವವಳು ನೀನು, ಕೈ ಹಿಡಿದರೆ ಯಾರೂ ಬೇಡ ಅನ್ನಲ್ಲ,
ನೆಪ ಮಾಡಿ ಅವಳ ಮಣಿಕಟ್ಟು ನೋಡು, ಏನಾದರೂ...
ಮಾತು ಪೂರ್ತಿ ಮಾಡಲಿಲ್ಲ. ಒಲೆ ಸಣ್ಣ ಮಾಡಿದಳು.

ಬಳೇಪೇಟೆಯ ಅಂಗಡಿಗೆ ಕರೆಸಿದೆ.
ಸೀಮಂತಕ್ಕೆಂದು ತರಿಸಿದ್ದ ಕಪ್ಪು ಗಾಜಿನ ಬಳೆ ತೆಗೆದು
ಸೋಪು ಸವರಿ, ಬೆರಳು ಮಡಚಿ, ಒಂದೊಂದೇ ಏರಿಸುತ್ತ
ಒಳಮೈ ತಿರುಗಿಸಿ ನೋಡಿದೆ:
ಬೆಕ್ಕಿನ ಪರಚು ಒಂದು.
ಪೆನ್ನಲ್ಲಿ ಗೀಚಿಕೊಂಡ ಯಾರದೋ ನಂಬರು.
ಬೆಚ್ಚಗಿತ್ತು ಕೈ.

ಬಳೆ ಮುಗಿದರೂ ಅವಳು ನನ್ನ ಕೈ ಬಿಡಲಿಲ್ಲ.
ಚಿಕ್ಕಮ್ಮಾ, ನಿದ್ದೆ ಮಾಡಿ ಎಷ್ಟು ದಿನ ಆಯ್ತು?

ಇಪ್ಪತ್ತಾರು ವರ್ಷ ಈ ಗಲ್ಲಾದ ಹಿಂದೆ ಕೂತು
ಈ ಬಣ್ಣ ನಿಮಗೆ ಒಪ್ಪುತ್ತೆ, ತಗೊಳ್ಳಿ, ಅಂದಿದ್ದೇನೆ,
ಮದುಮಗಳಿಗೆ, ಬಸುರಿಗೆ, ತೊಟ್ಟಿಲ ಕೂಸಿಗೆ.
ಯುಗಾದಿಯಿಂದೀಚೆಗೆ ಒಂದು ಡಜನ್ ಎಣಿಸಲು ಹೋದರೆ
ಏಳರ ಹತ್ತಿರ ಲೆಕ್ಕ ಬಿದ್ದುಹೋಗುತ್ತಿತ್ತು.
ಬಚ್ಚಲಲ್ಲಿ ನಲ್ಲಿ ಬಿಟ್ಟು ಸುಮ್ಮನೆ ಕೂತಿರುತ್ತಿದ್ದೆ,
ದಿನ ಬಿಟ್ಟು ದಿನ ಬರುವ ಕಾವೇರಿ, ಬಕೆಟ್ಟು ತುಂಬಿ ಹರಿದರೂ.
ಮಲ್ಲಿಗೆಗೆ ವಾಸನೆಯಿಲ್ಲ ಎಂದು ಹೂವಾಡಗಿತ್ತಿಯನ್ನು ಬೈದೆ.
ಪಾಪ, ಘಮ್ಮೆನ್ನುವ ದಂಡೆ ಮೂಸಿ ಮೂಸಿ ತೋರಿಸಿದಳು.
ಮನೆಯಲ್ಲಿ ಯಾರಿಗೂ ಅನುಮಾನ ಬರಲಿಲ್ಲ.
ಪಂಕಜಾಕ್ಷಿ ಇದ್ದರೆ ಮನೆ ಕಳಕಳ ಅನ್ನುತ್ತೆ, ಅಂತಾರೆ.

ಅಂಕಲ್, ನಾನು ಜೊತೆಗೆ ಬಂದವಳು, ಅಂದಳು ಸಿಂಚನ.
ಕಿಂಡಿಯವನು ಅವಳ ಹೆಸರಿಗೆ ಗೀಟು ಎಳೆದು
ಮೇಲೆ ಇಕ್ಕಟ್ಟಿನಲ್ಲಿ ನನ್ನದು ಬರೆದ.
ಬೆಂಚಿನ ಮೇಲೆ ಒಬ್ಬಾಕೆ ಮಗುವನ್ನು ಅವಳಿಂದ ಅತ್ತ ಸರಿಸಿಕೊಂಡಳು.
ಕೆನ್ನೆಗೆ ದೃಷ್ಟಿಬೊಟ್ಟಿಟ್ಟ ಮಗು
ಅವಳ ತಲೆಬುರುಡೆ ಉಂಗುರಕ್ಕೆ ಕೈ ಚಾಚಿಯೇ ಇತ್ತು.

ವಾಪಸು ಬರುವಾಗ ಬಸ್ಸಿನ ಕಿಟಕಿಗೆ ಹಣೆ ಆನಿಸಿ
ಲಾಲ್‌ಬಾಗಿನ ಗೋಡೆ ಮುಗಿಯುವವರೆಗೂ ಸುಮ್ಮನಿದ್ದಳು.
ಈ ಬೂಟು, ಈ ಫ್ರೆಂಡ್ಸು, ಮಿಕ್ಸಿ ಸದ್ದು ಅಂತೀಯಲ್ಲ ಆ ಹಾಡು,
ಅವೆಲ್ಲ ನನಗೆ ಖುಷಿ, ಚಿಕ್ಕಮ್ಮಾ.
ನಿಜವಾಗಲೂ ಆಗದೇ ಹೋದ ದಿನ
ನೀನು ಕೊಡಿಸಿದ ಹಳದಿ ಚೂಡಿದಾರ ಹಾಕ್ಕೋತೀನಿ.
ಅವತ್ತು ಯಾರೂ ಏನೂ ಕೇಳಲ್ಲ.

ಮಾತ್ರೆ ತಿಳಿಗುಲಾಬಿ. ಮೂರು ವಾರ ಬಾಯಿ ಒಣಗಿತು.
ಈಗ ಹತ್ತು, ಹನ್ನೊಂದು, ಕೆಲವು ದಿನ ಹನ್ನೆರಡು.

ಆಷಾಢ. ಮದುವೆಯಿಲ್ಲದ ತಿಂಗಳು, ಗಿರಾಕಿಯಿಲ್ಲ.
ಓಣಿಯ ತುದಿಯಲ್ಲಿ ಹಳದಿ ಕಂಡಿತು.
ಎಷ್ಟು ಲಕ್ಷಣವಾಗಿದಾಳೆ ಇವತ್ತು ನಿಮ್ಮ ಹುಡುಗಿ,
ಎದುರಂಗಡಿಯವರು ಕೂಗಿ ಹೇಳಿದರು.
ಎದ್ದು ಷಟರು ಅರ್ಧ ಎಳೆದೆ.
ಒಳಗೆ ಇನ್ನೊಂದು ಸ್ಟೂಲು ಹಾಕಿದೆ.